ನಾಯಿ ಆಹಾರದ ಲೇಬಲ್: ಮೆಕ್ಕೆಜೋಳ ಮೊದಲಿದ್ದರೆ ಕೆಟ್ಟದ್ದಾ? ‘ಮೀಲ್’, ‘ಬೈಪ್ರಾಡಕ್ಟ್’ ಅಂದ್ರೆ ಕಸವಾ?

ಚೀಲದ_ಹಿಂಬದಿ ಕೇಳಿದ್ದು:

4 ವರ್ಷದ ನಾಯಿ, ತೂಕ 20 ಕೆ.ಜಿ, ಸಂತಾನಹರಣ ಆಪರೇಷನ್ ಆಗಿದೆ, ಕಾಯಿಲೆ ಏನೂ ಇಲ್ಲ. ಮೂರು ಆಹಾರಗಳ ಲೇಬಲ್ ಪಕ್ಕಪಕ್ಕ ಇಟ್ಟು ನೋಡ್ತಿದ್ದೀನಿ. ಬ್ರ್ಯಾಂಡ್ ಹೆಸರು ಬೇಕಂತಲೇ ಹಾಕಿಲ್ಲ, ಹಾಕಿದರೆ ಚರ್ಚೆ ಬೇರೆ ಕಡೆ ಹೋಗುತ್ತೆ.

ಒಂದನೇದು ಒಣ ಆಹಾರ, ಚೀಲದ ಮೇಲೆ ದೊಡ್ಡದಾಗಿ ‘ಧಾನ್ಯರಹಿತ’ ಅಂತಿದೆ. ಪದಾರ್ಥಗಳು: ತಾಜಾ ಕೋಳಿ ಮಾಂಸ, ಬಟಾಣಿ, ಮಸೂರ, ಬಟಾಣಿ ಪ್ರೋಟೀನ್, ಕೋಳಿ ಕೊಬ್ಬು, ಬಟಾಣಿ ನಾರು, ಉಪ್ಪು, ಬ್ಲೂಬೆರಿ, ರೋಸ್‌ಮೆರಿ ಸಾರ, ಮಿಶ್ರ ಟೊಕೊಫೆರಾಲ್, ವಿಟಮಿನ್ ಮತ್ತು ಖನಿಜ. ಪ್ರೋಟೀನ್ ಶೇ. 30, ಕೊಬ್ಬು 16, ನಾರು 5, ತೇವಾಂಶ 10.

ಎರಡನೇದೂ ಒಣದ್ದೇ: ಮೆಕ್ಕೆಜೋಳ, ಚಿಕನ್ ಮೀಲ್, ಅಕ್ಕಿ, ಮೆಕ್ಕೆಜೋಳದ ಗ್ಲುಟೆನ್, ಕೋಳಿ ಕೊಬ್ಬು, ಬೀಟ್ ಪಲ್ಪ್, ಮೀನೆಣ್ಣೆ, ಉಪ್ಪು, ವಿಟಮಿನ್ ಮತ್ತು ಖನಿಜ, ಬಿಎಚ್ಎ (ಕೊಬ್ಬು ಕೆಡದಂತೆ ಹಾಕುವ ಕೃತಕ ಪ್ರಿಸರ್ವೇಟಿವ್). ಪ್ರೋಟೀನ್ 24, ಕೊಬ್ಬು 12, ನಾರು 4, ತೇವಾಂಶ 10, ಬೂದಿ (ಸುಟ್ಟರೆ ಉಳಿಯುವ ಖನಿಜ ಅಂಶ) 8.

ಮೂರನೇದು ಡಬ್ಬಿ ಆಹಾರ. ಪ್ರೋಟೀನ್ ಬರೀ 8.5, ಕೊಬ್ಬು 5, ನಾರು 1, ತೇವಾಂಶ 80, ಬೂದಿ 2. ಪದಾರ್ಥಗಳಲ್ಲಿ ‘ಕೋಳಿ ಬೈಪ್ರಾಡಕ್ಟ್’ ಇದೆ.

ಮೇಲ್ನೋಟಕ್ಕೆ ಒಂದನೇದೇ ಒಳ್ಳೇದು ಅನ್ಸುತ್ತೆ. ಮೆಕ್ಕೆಜೋಳ ಮೊದಲು ಬಂದರೆ ಹೊಟ್ಟೆ ತುಂಬಿಸೋ ಸರಕು ಅಂತಲೇ ಎಲ್ಲ ಕಡೆ ಓದಿದ್ದು. ಮೀಲ್, ಬೈಪ್ರಾಡಕ್ಟ್ ಅಂದ್ರೆ ಕಸಾಯಿಖಾನೆಯ ಕಸವಾ? ಬಿಎಚ್ಎ ಎಷ್ಟು ಅಪಾಯ? ಧಾನ್ಯರಹಿತ ಆಹಾರದಿಂದ ಹೃದಯದ ತೊಂದರೆ ಅನ್ನೋದು ನಿಜವಾ? ಗೊತ್ತಿರುವವರು ಲೆಕ್ಕದ ಸಮೇತ ಹೇಳಿದರೆ ಉಪಕಾರ.

---

ತಕ್ಕಡಿ:

ಲೆಕ್ಕ ಕೇಳಿದ್ದೀರಿ, ಲೆಕ್ಕದಿಂದಲೇ ಶುರು ಮಾಡೋಣ. ಮೊದಲು ನೀರು ತೆಗೀರಿ. ಡಬ್ಬಿಯಲ್ಲಿ 100 ಗ್ರಾಂಗೆ 80 ಗ್ರಾಂ ನೀರು, ಉಳಿದದ್ದು 20 ಗ್ರಾಂ. ಅದರಲ್ಲಿ 8.5 ಗ್ರಾಂ ಪ್ರೋಟೀನ್, ಅಂದ್ರೆ ಒಣ ತೂಕದ ಲೆಕ್ಕದಲ್ಲಿ ಶೇ. 42.5. ಒಂದನೇದು 30 ಭಾಗಿಸು 90, ಅಂದ್ರೆ 33.3. ಎರಡನೇದು 26.7. ‘ಬರೀ 8.5’ ಇದ್ದದ್ದೇ ಎಲ್ಲಕ್ಕಿಂತ ಮೇಲೆ ಬಂತು.

ಇದಕ್ಕಿಂತ ಒಳ್ಳೆ ಅಳತೆ ಕ್ಯಾಲರಿಗೆ ಎಷ್ಟು ಪ್ರೋಟೀನ್ ಅನ್ನೋದು, ಯಾಕಂದ್ರೆ ನಾಯಿಗೆ ಅಳೆದು ಹಾಕೋದು ಕ್ಯಾಲರಿ ನೋಡಿ. ನೂರರಿಂದ ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ ಎಲ್ಲ ಕಳೆದರೆ ಉಳಿಯೋದು ಕಾರ್ಬೊಹೈಡ್ರೇಟ್. ಒಣ ಆಹಾರದ ಲೇಬಲ್‌ನಲ್ಲಿ ಬೂದಿ ಕೊಡದಿದ್ದರೆ 8 ಅಂತ ಹಿಡೀರಿ. ಆಮೇಲೆ ಪ್ರೋಟೀನ್ ಗ್ರಾಂಗೆ 3.5, ಕೊಬ್ಬು ಗ್ರಾಂಗೆ 8.5, ಕಾರ್ಬೊಹೈಡ್ರೇಟ್ ಗ್ರಾಂಗೆ 3.5 ಕಿಲೋಕ್ಯಾಲರಿ.

ಒಂದನೇದು: ಕಾರ್ಬೊಹೈಡ್ರೇಟ್ 31, ಒಟ್ಟು ಸುಮಾರು 350 ಕಿಲೋಕ್ಯಾಲರಿ, 1000 ಕಿಲೋಕ್ಯಾಲರಿಗೆ 86 ಗ್ರಾಂ ಪ್ರೋಟೀನ್.
ಎರಡನೇದು: ಕಾರ್ಬೊಹೈಡ್ರೇಟ್ 42, ಒಟ್ಟು 333, ಪ್ರೋಟೀನ್ 72 ಗ್ರಾಂ.
ಡಬ್ಬಿ: ಕಾರ್ಬೊಹೈಡ್ರೇಟ್ 3.5, ಒಟ್ಟು 84.5, ಪ್ರೋಟೀನ್ ಸುಮಾರು 100 ಗ್ರಾಂ. ಕೊಬ್ಬು 59 ಗ್ರಾಂ, ಎರಡನೇ ಚೀಲದಲ್ಲಿ ಅದು 36. ಮೇದೋಜೀರಕ ಗ್ರಂಥಿಯ ತೊಂದರೆ ಇರುವ ನಾಯಿಗಾದರೆ ಈ ವ್ಯತ್ಯಾಸ ದೊಡ್ಡದು.

ಅಮೆರಿಕದ ಆಫ್ಕೊ (ಪ್ರಾಣಿ ಆಹಾರದ ಮಾನದಂಡ ಬರೆಯುವ ಸಂಸ್ಥೆ) ಪ್ರಕಾರ ವಯಸ್ಕ ನಾಯಿಗೆ 1000 ಕಿಲೋಕ್ಯಾಲರಿಗೆ ಕನಿಷ್ಠ 45 ಗ್ರಾಂ ಪ್ರೋಟೀನ್. ಮೂರೂ ಅದನ್ನು ಆರಾಮವಾಗಿ ದಾಟುತ್ತವೆ. ಹಾಗಾಗಿ ‘ಪ್ರೋಟೀನ್ ಎಷ್ಟು’ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ‘ಎಲ್ಲಿಂದ ಬಂತು’ ಅನ್ನೋದು ಪ್ರಶ್ನೆ.

ಪದಾರ್ಥಗಳ ಪಟ್ಟಿ ಬೇಯಿಸುವ ಮುಂಚಿನ ತೂಕದ ಪ್ರಕಾರ, ಹೆಚ್ಚಿನಿಂದ ಕಡಿಮೆಗೆ ಇರುತ್ತೆ. ತಾಜಾ ಕೋಳಿಯಲ್ಲಿ ಸುಮಾರು ಶೇ. 70 ನೀರು. ನಿಮ್ಮ ಒಂದನೇ ಚೀಲದ ಕ್ರಮಕ್ಕೆ ಹೊಂದುವ ಹಾಗೆ 100 ಕೆ.ಜಿ ಮಿಶ್ರಣ ಊಹಿಸಿಕೊಳ್ಳಿ: ಕೋಳಿ 24, ಬಟಾಣಿ 20, ಮಸೂರ 18, ಬಟಾಣಿ ಪ್ರೋಟೀನ್ 16, ಕೊಬ್ಬು 10, ಬಟಾಣಿ ನಾರು 5, ಉಳಿದದ್ದು 7. ಕೋಳಿಯ ನೀರು ಹೋದರೆ ಉಳಿಯೋದು 7 ಕೆ.ಜಿ ಚಿಲ್ಲರೆ. ಬಟಾಣಿಯನ್ನು ಮೂರು ಹೆಸರಿನಲ್ಲಿ ಒಡೆದು ಬರೆದಿದ್ದಾರೆ, ಕೂಡಿಸಿದರೆ 41 ಕೆ.ಜಿ, ಒಣಗಿದ ಮೇಲೂ 37ರ ಹತ್ತಿರ. ಪ್ರೋಟೀನ್ ಲೆಕ್ಕ ಹಾಕಿದರೆ ಕೋಳಿಯಿಂದ ಸುಮಾರು 4.5 ಕೆ.ಜಿ, ಬೇಳೆಕಾಳುಗಳಿಂದ 22 ಕೆ.ಜಿ. ಚೀಲದ ಮೇಲೆ ಕೋಳಿಯ ಚಿತ್ರ, ಒಳಗೆ ಬಟಾಣಿ.

ಎರಡನೇದರಲ್ಲಿ ಮೆಕ್ಕೆಜೋಳ 30 ಕೆ.ಜಿ, ಚಿಕನ್ ಮೀಲ್ 22 ಕೆ.ಜಿ ಅಂದುಕೊಳ್ಳಿ. ಮೀಲ್‌ನಲ್ಲಿ ನೀರು ಶೇ. 10ಕ್ಕಿಂತ ಕಡಿಮೆ, ಪ್ರೋಟೀನ್ ಸುಮಾರು 65. ಅದೊಂದರಿಂದಲೇ 14 ಕೆ.ಜಿ ಪ್ರೋಟೀನ್, ಒಟ್ಟು ಪ್ರೋಟೀನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು. ಅಂದ್ರೆ ‘ಮೆಕ್ಕೆಜೋಳ ಮೊದಲು’ ಇರುವ ಚೀಲದಲ್ಲಿ ಪ್ರಾಣಿಮೂಲದ ಪ್ರೋಟೀನ್ ಮೂರು ಪಟ್ಟು ಇರಬಹುದು. ಇದು ನಾನು ಊಹಿಸಿದ ಅಂಕಿ, ನಿಮ್ಮ ಕಂಪನಿಯ ಫಾರ್ಮುಲಾ ಅಲ್ಲ. ಆದರೆ ಪಟ್ಟಿಯ ಮೊದಲ ಹೆಸರು ನೋಡಿ ತೀರ್ಮಾನ ಮಾಡೋದು ಯಾಕೆ ಕೈಕೊಡುತ್ತೆ ಅಂತ ಗೊತ್ತಾಗಲು ಇಷ್ಟು ಸಾಕು.

ಇನ್ನೊಂದು ಸಣ್ಣ ಉಪಾಯ: ಪಟ್ಟಿಯಲ್ಲಿ ಉಪ್ಪು ಎಲ್ಲಿದೆ ನೋಡಿ. ಉಪ್ಪು ಸಾಮಾನ್ಯವಾಗಿ ಶೇ. 1ರ ಒಳಗೆ. ಅದರ ನಂತರ ಬರೋದೆಲ್ಲ ಅದಕ್ಕಿಂತ ಕಡಿಮೆ. ವಿಟಮಿನ್, ಖನಿಜಗಳಿಗೆ ಅಷ್ಟು ಸಾಕು, ಅವು ಬೇಕಾಗಿರೋದೇ ಚಿಟಿಕೆಯಷ್ಟು. ಬ್ಲೂಬೆರಿ ಅಷ್ಟೇ ಇದ್ದರೆ ಅದು ನಾಯಿಗಲ್ಲ, ನಿಮಗೆ ಹಾಕಿದ್ದು.

---

ಗಿರಣಿ_ಹಿಟ್ಟು:

ಮೀಲ್, ಬೈಪ್ರಾಡಕ್ಟ್ ಬಗ್ಗೆ ನಾನು ಬರೀತೀನಿ.

ಬೈಪ್ರಾಡಕ್ಟ್ ಅಂದ್ರೆ ಮಾಂಸಖಂಡ ತೆಗೆದ ಮೇಲೆ ಉಳಿಯುವ ಭಾಗ: ಯಕೃತ್ತು, ಮೂತ್ರಪಿಂಡ, ಶ್ವಾಸಕೋಶ, ಗುಲ್ಮ, ಕೋಳಿಯದಾದರೆ ಕತ್ತು, ಕಾಲು, ತೊಳೆದ ಕರುಳು. ಕೂದಲು, ಕೊಂಬು, ಹಲ್ಲು, ಗೊರಸು ಆಫ್ಕೊ ವ್ಯಾಖ್ಯೆಯಲ್ಲಿ ಇಲ್ಲ. ಕೋಳಿಯಲ್ಲಿ ಪುಕ್ಕವೂ ಇಲ್ಲ, ಕೆಲಸದಲ್ಲಿ ತಪ್ಪಿಸಲಾಗದಷ್ಟು ಉಳಿದರೆ ಬೇರೆ ಮಾತು. ಯಕೃತ್ತಿನಲ್ಲಿ ಇರೋ ವಿಟಮಿನ್ ಎ, ತಾಮ್ರ, ಬಿ ವಿಟಮಿನ್‌ಗಳು ಎದೆಮಾಂಸದಲ್ಲಿ ಅಷ್ಟು ಇಲ್ಲ. ಬೇಟೆಯಾಡುವ ಪ್ರಾಣಿ ಮೊದಲು ಬಾಯಿ ಹಾಕೋದೇ ಹೊಟ್ಟೆಗೆ. ಹೆಸರು ಕೇಳಿ ಮೂಗು ಮುರಿಯೋದು ಮನುಷ್ಯರ ಅಭ್ಯಾಸ.

ಮೀಲ್ ಅಂದ್ರೆ ಮಾಂಸವನ್ನೋ ಬೈಪ್ರಾಡಕ್ಟನ್ನೋ ಬಿಸಿಯಲ್ಲಿ ಬೇಯಿಸಿ, ನೀರು ಇಂಗಿಸಿ, ಕೊಬ್ಬು ಹಿಂಡಿ, ಪುಡಿ ಮಾಡಿದ್ದು. ತೊಂದರೆ ಇರೋದು ಹೆಸರಿನಲ್ಲಿ ಅಲ್ಲ, ಮೂರು ಕಡೆ.

ಒಂದು, ಯಾವ ಪ್ರಾಣಿ. ‘ಚಿಕನ್ ಮೀಲ್’, ‘ಲ್ಯಾಂಬ್ ಮೀಲ್’ ಅಂತ ಪ್ರಾಣಿಯ ಹೆಸರಿದ್ದರೆ ಮೂಲ ಗೊತ್ತಾಗುತ್ತೆ. ಬರೀ ‘ಮಾಂಸದ ಮೀಲ್’, ‘ಪ್ರಾಣಿಜನ್ಯ ಕೊಬ್ಬು’ ಅಂತಿದ್ದರೆ ಪ್ರತಿ ಬ್ಯಾಚ್‌ಗೂ ಮೂಲ ಬದಲಾಗಬಹುದು. ಅಮೆರಿಕದಲ್ಲಿ ಡಬ್ಬಿ ಆಹಾರಗಳಲ್ಲಿ ಪೆಂಟೊಬಾರ್ಬಿಟಾಲ್ ಸಿಕ್ಕಿ 2017, 2018ರಲ್ಲಿ ಸರಕು ವಾಪಸ್ ತರಿಸಿದ್ದುಂಟು. ಪ್ರಾಣಿಗಳಿಗೆ ದಯಾಮರಣ ಕೊಡುವ ಔಷಧಿ ಅದು, ಮೀಲ್, ಕೊಬ್ಬು ತೆಗೆಯುವಾಗಿನ (ರೆಂಡರಿಂಗ್) ಬಿಸಿಗೂ ನಾಶವಾಗಲ್ಲ. ಹೆಸರಿಲ್ಲದ ಕೊಬ್ಬು ಕಂಡರೆ ನಾನು ಚೀಲ ಕೆಳಗಿಡೋದು ಇದಕ್ಕೇ.

ಎರಡು, ಮೂಳೆ. ಬೂದಿ ಜಾಸ್ತಿ ಇದ್ದರೆ ಮೂಳೆ ಜಾಸ್ತಿ ಅಂತ ಅರ್ಥ, ಕ್ಯಾಲ್ಸಿಯಂ ಏರುತ್ತೆ. ವಯಸ್ಕ ನಾಯಿಗೆ ಸ್ವಲ್ಪ ಹೆಚ್ಚಾದರೂ ನಡೆಯುತ್ತೆ. ದೊಡ್ಡ ತಳಿಯ ಮರಿಗೆ ನಡೆಯಲ್ಲ: ಅದಕ್ಕೆ ಒಣ ತೂಕದಲ್ಲಿ ಕ್ಯಾಲ್ಸಿಯಂ ಕನಿಷ್ಠ ಶೇ. 1.2, ಗರಿಷ್ಠ 1.8. ಮಿತಿ ದಾಟಿದರೆ ಮೂಳೆ, ಕೀಲು ವಕ್ರವಾಗಿ ಬೆಳೆಯುವ ಸಂಭವ ಇದೆ. ಮರಿಗಳು ಹೆಚ್ಚಾದ ಕ್ಯಾಲ್ಸಿಯಂ ಹೀರಿಕೊಳ್ಳೋದನ್ನ ದೊಡ್ಡವುಗಳ ಹಾಗೆ ತಡೆಯಲಾರವು.

ಮೂರು, ಬೇಯಿಸಿದ ಬಿಸಿ. ಅತಿಯಾದರೆ ಲೈಸಿನ್ ಅನ್ನೋ ಅಮೈನೊ ಆಮ್ಲ ಸಕ್ಕರೆ ಅಂಶದ ಜೊತೆ ಕಚ್ಚಿಕೊಂಡು ದೇಹಕ್ಕೆ ಸಿಗದ ಹಾಗಾಗುತ್ತೆ. ಲೇಬಲ್‌ನ ಪ್ರೋಟೀನ್ ಅಂಕಿ ಮಾತ್ರ ಕದಲಲ್ಲ. ಯಾಕಂದ್ರೆ ಅದು ಪ್ರೋಟೀನ್ ಅಳೆದು ಬರೆದದ್ದಲ್ಲ, ಸಾರಜನಕ ಅಳೆದು 6.25ರಿಂದ ಗುಣಿಸಿದ್ದು.

ಹಾಗಾದರೆ ಜೀರ್ಣವಾಗ್ತಿದೆಯಾ ಅಂತ ಮನೇಲಿ ತಿಳಿಯೋದು ಹೇಗೆ? ಕಕ್ಕ ತೂಗಿ, ತಮಾಷೆ ಅಲ್ಲ. ದಿನಕ್ಕೆ 300 ಗ್ರಾಂ ಒಣ ಆಹಾರ ಅಂದ್ರೆ 270 ಗ್ರಾಂ ಒಣ ಅಂಶ. ಶೇ. 85 ಜೀರ್ಣವಾದರೆ 40 ಗ್ರಾಂ ಹೊರಬರುತ್ತೆ, ಮಲದಲ್ಲಿ ಮುಕ್ಕಾಲಿಗೆ ಸ್ವಲ್ಪ ಕಡಿಮೆ ನೀರು ಅಂತ ಹಿಡಿದರೆ ಒಟ್ಟು 135 ಗ್ರಾಂ. ಶೇ. 75 ಮಾತ್ರ ಜೀರ್ಣವಾದರೆ ಅದು 225 ಗ್ರಾಂ ಆಗುತ್ತೆ. ಆಹಾರ ಬದಲಿಸಿ ಎರಡು ವಾರ ಆದ ಮೇಲೆ, ಬೇರೆ ತಿಂಡಿ ಕೊಡದೆ, ಮೂರು ದಿನ ತೂಗಿ ಸರಾಸರಿ ತೆಗೀರಿ. ನಾರು ಹೆಚ್ಚಿರುವ ಆಹಾರದಲ್ಲಿ ತೂಕ ಸಹಜವಾಗಿ ಏರುತ್ತೆ, ಅದನ್ನು ಕೆಟ್ಟದ್ದು ಅಂತ ಬರೆದುಕೊಳ್ಳಬೇಡಿ. ಬೀಟ್ ಪಲ್ಪ್ ಕೂಡ ಅಂಥದ್ದೇ, ಸಕ್ಕರೆ ತೆಗೆದ ಮೇಲಿನ ನಾರು. ಅದರ ಬಗ್ಗೆ ಹಬ್ಬಿರುವ ಭಯಕ್ಕೆ ಬುಡವಿಲ್ಲ.

ನಾಯಿ ಬಟ್ಟಲು ನೆಕ್ಕಿ ನೆಕ್ಕಿ ತಿನ್ನುತ್ತೆ ಅನ್ನೋದು ಗುಣಮಟ್ಟದ ಸಾಕ್ಷಿಯಲ್ಲ. ಒಣ ಆಹಾರದ ಕಾಳು ಬೆಂದು ಒಣಗಿದ ಮೇಲೆ ಹೊರಗೆ ಕೊಬ್ಬು ಮತ್ತು ‘ಡೈಜೆಸ್ಟ್’ ಸಿಂಪಡಿಸ್ತಾರೆ. ಕಿಣ್ವ ಹಾಕಿ ಕರಗಿಸಿದ ಮಾಂಸದ ರಸ ಅದು. ರುಚಿಯೆಲ್ಲ ಆ ತೆಳು ಪದರದಲ್ಲಿದೆ.

ಮೆಕ್ಕೆಜೋಳ ನಾಯಿಗೆ ಜೀರ್ಣವಾಗಲ್ಲ ಅನ್ನೋದೂ ತಪ್ಪು. ಹಸಿ ಕಾಳು ಆಗಲ್ಲ, ಹಿಟ್ಟು ಮಾಡಿ ಹಬೆ ಮತ್ತು ಒತ್ತಡದಲ್ಲಿ ಬೇಯಿಸಿದ್ದು ಚೆನ್ನಾಗಿಯೇ ಆಗುತ್ತೆ. ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವದ ಜೀನ್ ತೋಳಕ್ಕಿಂತ ನಾಯಿಯಲ್ಲಿ ಹಲವು ಪಟ್ಟು ಪ್ರತಿಗಳಲ್ಲಿದೆ ಅಂತ 2013ರಲ್ಲೇ ತೋರಿಸಿದ್ದಾರೆ. ಒಣ ಆಹಾರದ ಕಾಳು ಉಬ್ಬಿ, ಆಕಾರ ಹಿಡಿದು ನಿಲ್ಲೋಕೆ ಪಿಷ್ಟ ಬೇಕೇ ಬೇಕು. ಧಾನ್ಯ ತೆಗೆದರೆ ಆ ಜಾಗಕ್ಕೆ ಬಟಾಣಿಯೋ ಆಲೂಗಡ್ಡೆಯೋ ಬರುತ್ತೆ, ಮಾಂಸ ಬರಲ್ಲ.

---

ಒಲೆಮುಂದೆ:

ಇಷ್ಟೆಲ್ಲ ತಲೆನೋವು ಯಾಕೆ? ಕೋಳಿ, ಅಕ್ಕಿ, ಒಂದು ತರಕಾರಿ ಬೇಯಿಸಿ ಹಾಕಿದರೆ ಏನು ಹಾಕ್ತಿದ್ದೀವಿ ಅಂತ ಗೊತ್ತಿರುತ್ತೆ.

---

ತಕ್ಕಡಿ:

ಏನು ಹಾಕ್ತಿದ್ದೀವಿ ಗೊತ್ತಿರುತ್ತೆ, ಏನು ಹಾಕಿಲ್ಲ ಅನ್ನೋದು ಗೊತ್ತಿರಲ್ಲ. ಮೂಳೆಯಿಲ್ಲದ ಮಾಂಸದಲ್ಲಿ ಒಂದು ಭಾಗ ಕ್ಯಾಲ್ಸಿಯಂಗೆ ಹದಿನೈದು ಇಪ್ಪತ್ತು ಭಾಗ ರಂಜಕ ಇರುತ್ತೆ. ಬೇಕಾಗಿರೋದು ಕ್ಯಾಲ್ಸಿಯಂ ರಂಜಕಕ್ಕಿಂತ ಕಡಿಮೆಯಾಗದ ಹಾಗೆ, ಎರಡು ಪಟ್ಟು ಮೀರದ ಹಾಗೆ. ಕೊರತೆ ಬಿದ್ದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತೆ. ಮರಿಗಳಲ್ಲಿ ಕೆಲವೇ ವಾರದಲ್ಲಿ ಕಾಲು ಬಾಗಬಹುದು, ದೊಡ್ಡ ನಾಯಿಯಲ್ಲಿ ತಿಂಗಳುಗಟ್ಟಲೆ ಏನೂ ಕಾಣಿಸಲ್ಲ. ಮೊಟ್ಟೆಚಿಪ್ಪಿನ ನುಣ್ಣನೆ ಪುಡಿ ಒಂದು ಗ್ರಾಂನಲ್ಲಿ ಸುಮಾರು 0.38 ಗ್ರಾಂ ಕ್ಯಾಲ್ಸಿಯಂ ಇದೆ, ಅದು ಸರಿ. ಆದರೆ ಸತು, ತಾಮ್ರ, ಅಯೋಡಿನ್, ವಿಟಮಿನ್ ಡಿ, ವಿಟಮಿನ್ ಇ, ಕೋಲಿನ್ ಎಲ್ಲಿಂದ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನವರು 2013ರಲ್ಲಿ 200 ಮನೆ ಅಡುಗೆ ವಿಧಾನಗಳನ್ನು ಪರಿಶೀಲಿಸಿದಾಗ ಶೇ. 95ರಲ್ಲಿ ಕನಿಷ್ಠ ಒಂದು ಪೋಷಕಾಂಶ ಕಡಿಮೆ ಬಿದ್ದಿತ್ತು. ಮನೆಯಲ್ಲೇ ಬೇಯಿಸಬೇಕು ಅಂದ್ರೆ ಪಶು ಪೋಷಣೆ ತಜ್ಞರಿಂದ ನಿಮ್ಮ ನಾಯಿಗೆ ಅಂತಲೇ ಗ್ರಾಂ ಲೆಕ್ಕದ ಪಟ್ಟಿ ಬರೆಸಿಕೊಳ್ಳಿ, ಆಮೇಲೆ ಅದರಲ್ಲಿ ಒಂದಕ್ಕೆ ಬದಲು ಇನ್ನೊಂದು ಹಾಕಬೇಡಿ.

---

ನಾಕು_ಕಾಲು:

ಪ್ರಿಸರ್ವೇಟಿವ್ ಪ್ರಶ್ನೆಗೆ ಬರುವ ಮುಂಚೆ ಒಂದು ಮಾತು. ನಾಯಿ ಆಹಾರದಿಂದ ನಾಯಿಗಳು ನಿಜವಾಗಿ ಸತ್ತ ಪ್ರಕರಣಗಳನ್ನು ಸಾಲಾಗಿಟ್ಟು ನೋಡಿ. ಜನ ಹೆದರುವ ಮೆಕ್ಕೆಜೋಳ, ಬೈಪ್ರಾಡಕ್ಟ್, ಬಣ್ಣ, ಬಿಎಚ್ಎ ಇವು ಯಾವುವೂ ಅಲ್ಲಿ ಕಾರಣವಾಗಿಲ್ಲ. ಕಾರಣ ಆಗಿರೋದು ಒಳಬರುವ ಸರಕನ್ನು ಪರೀಕ್ಷಿಸದೇ ಇದ್ದದ್ದು.

2007ರ ಮೆಲಮೈನ್ ಪ್ರಕರಣ: ಗೋಧಿ ಗ್ಲುಟೆನ್ ಅಂತ ಮಾರಿದ ಹಿಟ್ಟಿಗೆ ಮೆಲಮೈನ್ ಬೆರೆಸಿದ್ದರು. ಮೆಲಮೈನ್ ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕ. ಮೇಲೆ ಗಿರಣಿ_ಹಿಟ್ಟು ಅವರು ಹೇಳಿದ 6.25ರ ಗುಣಾಕಾರ ನೆನಪಿಸಿಕೊಳ್ಳಿ: ಶೇ. 1 ಮೆಲಮೈನ್ ಹಾಕಿದರೆ ಲ್ಯಾಬ್ ರಿಪೋರ್ಟ್‌ನಲ್ಲಿ ಪ್ರೋಟೀನ್ ಶೇ. 4ರಷ್ಟು ಏರುತ್ತೆ. ಮೋಸ ಅಷ್ಟು ಸುಲಭವಿತ್ತು. ಅದು ಸಯನ್ಯೂರಿಕ್ ಆಮ್ಲದ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟಿತು. ಪದಾರ್ಥಗಳ ಪಟ್ಟಿಯಲ್ಲಿ ಇದ್ದದ್ದು ‘ಗೋಧಿ ಗ್ಲುಟೆನ್’ ಅಂತ ಮಾತ್ರ.

ಅಫ್ಲಟಾಕ್ಸಿನ್: ಮೆಕ್ಕೆಜೋಳದ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಬೂಷ್ಟಿನ ವಿಷ. ಬೂಷ್ಟು ಬಿಸಿಗೆ ಸಾಯುತ್ತೆ, ವಿಷ ಉಳಿಯುತ್ತೆ. ಅಮೆರಿಕದ ಎಫ್‌ಡಿಎ (ಆಹಾರ, ಔಷಧಿ ನಿಯಂತ್ರಣ ಸಂಸ್ಥೆ) ಮಿತಿ ಕೆ.ಜಿ.ಗೆ 20 ಮೈಕ್ರೊಗ್ರಾಂ. 2020ರ ಡಿಸೆಂಬರ್‌ನಲ್ಲಿ ಇದೇ ಕಾರಣಕ್ಕೆ ದೊಡ್ಡ ಪ್ರಮಾಣದಲ್ಲಿ ಸರಕು ವಾಪಸ್ ತರಿಸಿದರು, ಎಫ್‌ಡಿಎಗೆ 70ಕ್ಕೂ ಹೆಚ್ಚು ನಾಯಿಗಳ ಸಾವಿನ ವರದಿ ಬಂದಿತ್ತು. ಈ ವಿಷ ಲೋಡ್ ತುಂಬ ಸಮನಾಗಿ ಹರಡಿರಲ್ಲ, ಅಲ್ಲಲ್ಲಿ ಗೂಡು ಕಟ್ಟಿದ ಹಾಗಿರುತ್ತೆ. ಒಂದೇ ಕಡೆ ಬೊಗಸೆ ತೆಗೆದು ಪರೀಕ್ಷಿಸಿದರೆ ತಪ್ಪಿಹೋಗುತ್ತೆ. ಪ್ರತಿ ಲೋಡ್‌ನಿಂದ ಹತ್ತಾರು ಜಾಗದ ಮಾದರಿ ತೆಗೆದು, ಪುಡಿ ಮಾಡಿ, ಬೆರೆಸಿ ನೋಡುವ ಕಾರ್ಖಾನೆಗೂ ತಿಂಗಳಿಗೊಮ್ಮೆ ನೋಡುವ ಕಾರ್ಖಾನೆಗೂ ಇರುವ ವ್ಯತ್ಯಾಸ ಚೀಲದ ಮೇಲೆ ಎಲ್ಲೂ ಕಾಣಿಸಲ್ಲ. ಮನೆಯಲ್ಲಿ ನೋಡಬೇಕಾದ ಲಕ್ಷಣ: ಊಟ ಬಿಡೋದು, ಮಂಕಾಗೋದು, ವಾಂತಿ, ಕಣ್ಣಿನ ಬಿಳಿಭಾಗ ಅಥವಾ ಒಸಡು ಹಳದಿಯಾಗೋದು, ಕಂದು ಬಣ್ಣದ ಮೂತ್ರ. ಕೂಡಲೇ ಆ ಆಹಾರ ನಿಲ್ಲಿಸಿ ವೈದ್ಯರ ಹತ್ತಿರ ಹೋಗಿ.

ವಿಟಮಿನ್ ಡಿ: ಮಿತಿ ಕೆ.ಜಿ. ಒಣ ಆಹಾರಕ್ಕೆ 500ರಿಂದ 3000 ಐಯು. ವಿಟಮಿನ್ ಮಿಶ್ರಣ ತಯಾರಿಸುವ ಕಡೆ ತೂಕ ತಪ್ಪಿದರೆ ಹತ್ತಾರು ಪಟ್ಟು ಏರಬಹುದು. 2018, 2019ರಲ್ಲಿ ಹಲವು ಬ್ರ್ಯಾಂಡ್‌ಗಳು ಇದಕ್ಕಾಗಿ ಸರಕು ಹಿಂದಕ್ಕೆ ತರಿಸಿದವು, ಅದರಲ್ಲಿ ಅಗ್ಗದವೂ ಇದ್ದವು, ದುಬಾರಿಯವೂ ಇದ್ದವು. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಜೊಲ್ಲು ಇದರ ಲಕ್ಷಣ.

ಸಾಲ್ಮೊನೆಲಾ: ಬೇಯಿಸುವಾಗ ಸಾಯುತ್ತೆ, ಆದರೆ ಆಮೇಲೆ ಕೊಬ್ಬು ಸಿಂಪಡಿಸುವ ಹಂತದಲ್ಲಿ, ತಣ್ಣಗಾಗುವಾಗ ಮತ್ತೆ ಸೇರಬಹುದು. ನಾಯಿ ಆರೋಗ್ಯವಾಗಿದ್ದು ಮನೆಯ ಮಗುವಿಗೆ ಭೇದಿ ಬರುವುದುಂಟು. ಆಹಾರ ಮುಟ್ಟಿದ ಕೈ ಸೋಪಿನಲ್ಲಿ ತೊಳೀರಿ, ಬಟ್ಟಲನ್ನೇ ಚೀಲದೊಳಗೆ ಹಾಕಿ ಮೊಗೆಯಬೇಡಿ.

ಈಗ ಬಿಎಚ್ಎ. ಅಮೆರಿಕದ ಮಿತಿ ಕೊಬ್ಬಿನ ಅಂಶದ ಶೇ. 0.02. ನಿಮ್ಮ ಎರಡನೇ ಚೀಲದಲ್ಲಿ ಕೆ.ಜಿ.ಗೆ 120 ಗ್ರಾಂ ಕೊಬ್ಬು, ಹಾಗಾಗಿ ಗರಿಷ್ಠ 24 ಮಿಲಿಗ್ರಾಂ. ಕ್ಯಾನ್ಸರ್ ಮಾತು ಬಂದದ್ದು ಇಲಿಗಳ ಮುಂಜಠರದಲ್ಲಿ ಕಂಡ ಗೆಡ್ಡೆಗಳಿಂದ, ಹಾಕಿದ್ದು ಭಾರಿ ಪ್ರಮಾಣ. ನಾಯಿಗೆ ಆ ಅಂಗವೇ ಇಲ್ಲ. ಆದರೂ ಬೇಡ ಅನ್ನಿಸಿದರೆ ಮಿಶ್ರ ಟೊಕೊಫೆರಾಲ್ ಹಾಕಿದ್ದು ತಗೊಳ್ಳಿ, ಅದು ವಿಟಮಿನ್ ಇ ಬಳಗದ್ದೇ. ಅದು ಬೇಗ ಸತ್ವ ಕಳೆದುಕೊಳ್ಳುತ್ತೆ ಅನ್ನೋದು ನೆನಪಿರಲಿ. ಹತ್ತು ತಿಂಗಳು ಗೋದಾಮಿನಲ್ಲಿ ಕೂತ ‘ನೈಸರ್ಗಿಕ’ ಚೀಲಕ್ಕಿಂತ ಹೊಸದಾಗಿ ಬಂದ ಬಿಎಚ್ಎ ಚೀಲ ಮೇಲು ಅಂತ ನನ್ನ ಅಭಿಪ್ರಾಯ, ಕಮಟು ಕೊಬ್ಬು ಖಚಿತವಾದ ತೊಂದರೆ. ಎಥಾಕ್ಸಿಕ್ವಿನ್ ಮಾತ್ರ ಬೇರೆ ಕಥೆ. ಯುರೋಪಿಯನ್ ಒಕ್ಕೂಟ 2017ರಲ್ಲಿ ಅದರ ಅನುಮತಿ ತಡೆಹಿಡಿಯಿತು, 2022ರಲ್ಲಿ ನಿರಾಕರಿಸಿತು. ಮೀನಿನ ಮೀಲ್ ಪೂರೈಸುವವರು ಮೊದಲೇ ಬೆರೆಸಿದ್ದರೆ ನಿಮ್ಮ ಚೀಲದ ಪಟ್ಟಿಯಲ್ಲಿ ಅದು ಕಾಣದೇ ಹೋಗಬಹುದು. ಮೀನಿನ ಮೀಲ್ ಇರುವ ಆಹಾರವಾದರೆ ಕಂಪನಿಗೆ ನೇರವಾಗಿ ಕೇಳಿ.

ಧಾನ್ಯರಹಿತ ಮತ್ತು ಹೃದಯ: 2018ರ ಜುಲೈನಲ್ಲಿ ಎಫ್‌ಡಿಎ ತನಿಖೆ ಶುರು ಮಾಡ್ತಿರೋದಾಗಿ ಹೇಳಿತು. ಬಟಾಣಿ, ಬೇಳೆಕಾಳು, ಆಲೂಗಡ್ಡೆ ಮೇಲ್ಸಾಲಿನಲ್ಲಿರುವ ಆಹಾರ ತಿನ್ನುತ್ತಿದ್ದ, ವಂಶವಾಹಿಯಾಗಿ ಈ ರೋಗ ಬಾರದ ತಳಿಗಳಲ್ಲೂ ಹೃದಯದ ಸ್ನಾಯು ತೆಳುವಾಗಿ ಹಿಗ್ಗುವ ಡಿಸಿಎಂ ಕಂಡಿತ್ತು. 2022ರ ಡಿಸೆಂಬರ್‌ನಲ್ಲಿ, ಬಂದ ವರದಿಗಳ ಸಂಖ್ಯೆಯಿಂದ ಮಾತ್ರ ಕಾರಣ ಸಾಬೀತಾಗಲ್ಲ, ಹೊಸ ವೈಜ್ಞಾನಿಕ ಮಾಹಿತಿ ಬರುವವರೆಗೆ ಮತ್ತೆ ಪ್ರಕಟಣೆ ಕೊಡಲ್ಲ ಅಂದಿತು. ಅಂದ್ರೆ ಆರೋಪ ಸಾಬೀತೂ ಆಗಿಲ್ಲ, ಸುಳ್ಳು ಅಂತಲೂ ಆಗಿಲ್ಲ. ಧಾನ್ಯ ತಿಂದರೆ ನಿಮ್ಮ ನಾಯಿಗೆ ತೊಂದರೆ ಇಲ್ಲದಿದ್ದಾಗ, ತಕ್ಕಡಿ ಅವರು ತೋರಿಸಿದ 41 ಕೆ.ಜಿ ಬಟಾಣಿಯ ಆಹಾರ ಆರಿಸಿಕೊಳ್ಳೋಕೆ ಕಾರಣವೇ ಇಲ್ಲ. ಈಗಾಗಲೇ ಅಂಥದ್ದನ್ನ ತಿನ್ನುತ್ತಿರುವ ನಾಯಿ ಬೇಗ ಸುಸ್ತಾದರೆ, ಕೆಮ್ಮಿದರೆ, ತಲೆ ತಿರುಗಿ ಬಿದ್ದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ.

ನಾಯಿಗೆ ಧಾನ್ಯದ ಅಲರ್ಜಿ ಇದೆ ಅಂತ ಅನುಮಾನ ಇದ್ದರೂ ಒಂದು ಮಾತು: ಹೆಚ್ಚಾಗಿ ದಾಖಲಾಗಿರುವ ಅಲರ್ಜಿಗಳಲ್ಲಿ ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಮುಂದಿವೆ. ಗೋಧಿಯೂ ಆ ಪಟ್ಟಿಯಲ್ಲಿದೆ, ಆದರೆ ಮೆಕ್ಕೆಜೋಳ, ಅಕ್ಕಿ ತುಂಬ ಹಿಂದೆ. ಪತ್ತೆಗೆ ರಕ್ತಪರೀಕ್ಷೆ ನಂಬಬೇಡಿ. 8 ವಾರ ಒಂದೇ ಹೊಸ ಪ್ರೋಟೀನ್ ಅಥವಾ ಹೈಡ್ರೊಲೈಸ್ ಮಾಡಿದ (ಪ್ರೋಟೀನನ್ನು ಸಣ್ಣ ಸಣ್ಣ ತುಂಡಾಗಿ ಒಡೆದ) ವೈದ್ಯಕೀಯ ಆಹಾರ, ಬಾಯಿಗೆ ಬೇರೇನೂ ಹೋಗಬಾರದು, ಆಮೇಲೆ ಹಳೆಯದು ಕೊಟ್ಟು ತುರಿಕೆ ಮರಳುತ್ತಾ ನೋಡಬೇಕು. ಅಂಗಡಿಯ ‘ಸೀಮಿತ ಪದಾರ್ಥ’ ಆಹಾರಗಳನ್ನು ಪರೀಕ್ಷಿಸಿದಾಗ ಲೇಬಲ್‌ನಲ್ಲಿ ಇಲ್ಲದ ಮಾಂಸ ಪದೇ ಪದೇ ಸಿಕ್ಕಿದೆ, ಈ ಕೆಲಸಕ್ಕೆ ಅವು ಬೇಡ.

---

ಚೀಲದ_ಹಿಂಬದಿ:

ಎಲ್ಲರಿಗೂ ಧನ್ಯವಾದ. ಮತ್ತೆ ನೋಡಿದೆ: ಎರಡನೇ ಚೀಲದಲ್ಲಿ ‘ವಯಸ್ಕ ನಾಯಿಗಳಿಗೆ ಆಫ್ಕೊ ಪೋಷಕಾಂಶ ಮಟ್ಟಕ್ಕೆ ಹೊಂದುವಂತೆ ರೂಪಿಸಲಾಗಿದೆ’ ಅಂತಿದೆ. ಒಂದನೇದರಲ್ಲಿ ಅಂಥ ಸಾಲೇ ಇಲ್ಲ. ಇದರ ಅರ್ಥವೇನು? ಕಂಪನಿಗೆ ಕೇಳೋದಾದ್ರೆ ಏನು ಕೇಳಬೇಕು? ಎರಡನೇದಕ್ಕೆ ಬದಲಿಸಿದರೆ ದಿನಕ್ಕೆ ಎಷ್ಟು?

---

ನಾಕು_ಕಾಲು:

ಇಡೀ ಚೀಲದಲ್ಲಿ ಅತಿ ಮುಖ್ಯವಾದ ಸಾಲು ಅದೇ, ಅಚ್ಚು ಮಾತ್ರ ಇರುವೆಯಷ್ಟು. ಆಫ್ಕೊ ಯಾವ ಆಹಾರವನ್ನೂ ಪರೀಕ್ಷಿಸಲ್ಲ, ಒಪ್ಪಿಗೆ ಮುದ್ರೆಯೂ ಒತ್ತಲ್ಲ, ಮಾನದಂಡ ಬರೆಯುತ್ತೆ ಅಷ್ಟೇ. ಯುರೋಪ್‌ನಲ್ಲಿ ಆ ಕೆಲಸ ಫೆಡಿಯಾಫ್‌ನದು. ‘ರೂಪಿಸಲಾಗಿದೆ’ ಅಂದ್ರೆ ಪೋಷಕಾಂಶಗಳು ಕಾಗದದ ಮೇಲೆ ಅಥವಾ ಲ್ಯಾಬ್‌ನಲ್ಲಿ ಹೊಂದಿವೆ. ‘ನಾಯಿಗಳಿಗೆ ತಿನ್ನಿಸಿ ಪರೀಕ್ಷಿಸಲಾಗಿದೆ’ ಅಂತಿದ್ದರೆ ಕನಿಷ್ಠ 8 ನಾಯಿಗಳಿಗೆ 26 ವಾರ ಅದೊಂದನ್ನೇ ಹಾಕಿ, ತೂಕ ಮತ್ತು ನಾಲ್ಕು ರಕ್ತಪರೀಕ್ಷೆ ನೋಡಿದ್ದಾರೆ ಅಂತ ಅರ್ಥ. ಇದೂ ದೊಡ್ಡ ಜರಡಿಯಲ್ಲ, ವರ್ಷಗಳ ಮೇಲೆ ಬರುವ ತೊಂದರೆ 26 ವಾರದಲ್ಲಿ ಕಾಣಲ್ಲ. ಎರಡೂ ಇದ್ದರೆ ಒಳ್ಳೇದು. ಯಾವುದೂ ಇಲ್ಲದಿದ್ದರೆ, ಅಥವಾ ‘ಪೂರಕ ಆಹಾರ’ ಅಂತಿದ್ದರೆ, ಅದನ್ನು ದಿನದ ಊಟವಾಗಿ ಹಾಕಬಾರದು. ನಿಮ್ಮ ಒಂದನೇ ಚೀಲ ನನ್ನ ಪ್ರಕಾರ ಇಲ್ಲಿಗೇ ಆಟದಿಂದ ಹೊರಗೆ.

ಕಂಪನಿಗೆ ಹೀಗೆ ಬರೆಯಿರಿ: ಫಾರ್ಮುಲಾ ರೂಪಿಸಿದವರ ವಿದ್ಯಾರ್ಹತೆ ಏನು, ಅವರು ಕಾಯಂ ನೌಕರರಾ? ಸ್ವಂತ ಕಾರ್ಖಾನೆಯಾ, ಬೇರೆಯವರ ಹತ್ತಿರ ಮಾಡಿಸ್ತೀರಾ? ಮೆಕ್ಕೆಜೋಳದ ಪ್ರತಿ ಲೋಡ್‌ಗೂ ಅಫ್ಲಟಾಕ್ಸಿನ್ ಪರೀಕ್ಷೆ ಆಗುತ್ತಾ, ಫಲಿತಾಂಶ ಬರೋ ಮುಂಚೆ ಸರಕು ಒಳಗೆ ಹೋಗುತ್ತಾ? ತಯಾರಾದ ಆಹಾರದಲ್ಲಿ ಕ್ಯಾಲ್ಸಿಯಂ, ರಂಜಕ, ವಿಟಮಿನ್ ಡಿ ವಾಸ್ತವವಾಗಿ ಎಷ್ಟು, 1000 ಕಿಲೋಕ್ಯಾಲರಿಗೆ? ಜೀರ್ಣವಾಗುವ ಪ್ರಮಾಣ ಎಷ್ಟು?

ಅಂಕಿ ಕೇಳಿದ್ದಕ್ಕೆ ಅಂಕಿ ಬಂದರೆ ಒಳ್ಳೆ ಲಕ್ಷಣ. ‘ಅತ್ಯುನ್ನತ ಗುಣಮಟ್ಟದ ಪದಾರ್ಥ ಮಾತ್ರ ಬಳಸುತ್ತೇವೆ’ ಅಂತ ಬಂದರೆ ಅದು ಉತ್ತರವಲ್ಲ. ‘ವ್ಯಾಪಾರದ ಗುಟ್ಟು’ ಅಂತ ಫಾರ್ಮುಲಾ ಕೊಡದೇ ಇರೋದು ಸಹಜ, ಕ್ಯಾಲ್ಸಿಯಂ ಅಂಕಿ ಕೊಡದೇ ಇರೋದು ಸಹಜವಲ್ಲ.

---

ತಕ್ಕಡಿ:

ಪ್ರಮಾಣ: ತೂಕದ 0.75 ಘಾತವನ್ನು 70ರಿಂದ ಗುಣಿಸಿ. ಕ್ಯಾಲ್ಕುಲೇಟರ್‌ನಲ್ಲಿ ತೂಕ × ತೂಕ × ತೂಕ ಮಾಡಿ ಎರಡು ಸಲ ವರ್ಗಮೂಲ ಒತ್ತಿದರೆ ಆ ಘಾತ ಸಿಗುತ್ತೆ, ಅದನ್ನು 70ರಿಂದ ಗುಣಿಸಿ. 20 ಕೆ.ಜಿ.ಗೆ 662. ಆಪರೇಷನ್ ಆದ ವಯಸ್ಕ ನಾಯಿಗೆ ಅದರ 1.6 ಪಟ್ಟು, ಸುಮಾರು 1060 ಕಿಲೋಕ್ಯಾಲರಿ. ಎರಡನೇ ಆಹಾರದಲ್ಲಿ 318 ಗ್ರಾಂ, ಒಂದನೇದರಲ್ಲಾದರೆ 303, ಡಬ್ಬಿಯಲ್ಲಿ ಒಂದೂಕಾಲು ಕೆ.ಜಿ! ತಿಂಡಿ, ಬಿಸ್ಕತ್ತು ಕೊಡೋದಿದ್ದರೆ ಒಟ್ಟಿನ ಶೇ. 10 ಮೀರದಿರಲಿ, ಅಷ್ಟು ಕಾಳು ಕಡಿಮೆ ಮಾಡಿ. ಅಡುಗೆ ತಕ್ಕಡಿಯಲ್ಲಿ ತೂಗಿ, ಕಪ್ ಅಳತೆ ಕೈಯಿಂದ ಕೈಗೆ ಬದಲಾಗುತ್ತೆ. ಈ ಲೆಕ್ಕ ಶುರುವಿಗೆ ಮಾತ್ರ. ಎರಡು ವಾರಕ್ಕೊಮ್ಮೆ ಪಕ್ಕೆ ಮುಟ್ಟಿ ನೋಡಿ: ಕಾಣಬಾರದು, ಒತ್ತದೆ ಕೈಗೆ ಸಿಗಬೇಕು. ತೂಕ ಏರಿದರೆ ಶೇ. 10 ಇಳಿಸಿ.

ಬದಲಾವಣೆ ನಿಧಾನಕ್ಕೆ: ಎರಡು ದಿನ ಕಾಲು ಭಾಗ ಹೊಸದು, ಎರಡು ದಿನ ಅರ್ಧ, ಎರಡು ದಿನ ಮುಕ್ಕಾಲು, ಏಳನೇ ದಿನ ಪೂರ್ತಿ. ಮಲ ಸಡಿಲವಾದರೆ ಹಿಂದಿನ ಹಂತದಲ್ಲೇ ಎರಡು ದಿನ ನಿಲ್ಲಿ.

---

ಗಿರಣಿ_ಹಿಟ್ಟು:

ಚೀಲ ಬಿಚ್ಚಿದ ಮೇಲಿನ ಮಾತೂ ಸೇರಿಸಿಬಿಡ್ತೀನಿ, ಒಳ್ಳೆ ಆಹಾರ ಮನೆಯಲ್ಲೇ ಕೆಡೋದು ಹೆಚ್ಚು. ಆರು ವಾರದಲ್ಲಿ ಮುಗಿಯುವಷ್ಟು ದೊಡ್ಡ ಚೀಲ ಮಾತ್ರ ತನ್ನಿ. ದಿನಕ್ಕೆ 318 ಗ್ರಾಂ ಅಂದ್ರೆ ಆರು ವಾರಕ್ಕೆ 13 ಕೆ.ಜಿ ಚಿಲ್ಲರೆ, 20 ಕೆ.ಜಿ ಚೀಲ ನಿಮಗೆ ದೊಡ್ಡದಾಯ್ತು. ಪ್ಲಾಸ್ಟಿಕ್ ಡಬ್ಬಕ್ಕೆ ಕಾಳು ಸುರಿಯಬೇಡಿ, ಚೀಲದ ಸಮೇತ ಡಬ್ಬದೊಳಗಿಟ್ಟು ಮುಚ್ಚಿ. ಸುರಿದರೆ ಗೋಡೆಗೆ ಅಂಟಿದ ಕೊಬ್ಬು ಕಮಟಾಗಿ, ಮುಂದಿನ ಚೀಲವನ್ನೂ ಕೆಡಿಸುತ್ತೆ. ಜಾಗ ಒಣಗಿರಬೇಕು, 27 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಒಳ್ಳೇದು. ಹಳೇ ಬಣ್ಣದ ಡಬ್ಬಿ ತೆಗೆದಂಥ ವಾಸನೆ ಬಂದರೆ ಎಸೆಯಿರಿ. ನಾಯಿ ಇದ್ದಕ್ಕಿದ್ದಂತೆ ಮೂಸಿ ಹಿಂದೆ ಸರಿದರೆ ಹಟ ಅಂದುಕೊಳ್ಳುವ ಮುಂಚೆ ಚೀಲ ನೀವೂ ಮೂಸಿ ನೋಡಿ.

ಪ್ರತಿ ಹೊಸ ಚೀಲದಿಂದ ಒಂದು ಹಿಡಿಯಲ್ಲ, 200 ಗ್ರಾಂನಷ್ಟು ತೆಗೆದು ಜಿಪ್ ಕವರ್‌ನಲ್ಲಿ ಫ್ರೀಜರ್‌ಗೆ ಹಾಕಿ, ಲಾಟ್ ನಂಬರ್, ಬಿಚ್ಚಿದ ದಿನಾಂಕ ಬರೆದಿಡಿ. ಮುಂದಿನ ಚೀಲ ಮುಗಿದ ಮೇಲೆ ಎಸೆದರಾಯ್ತು. ನಾಯಿ ಹುಷಾರು ತಪ್ಪಿದರೆ ಲ್ಯಾಬ್‌ಗೆ ಕೊಡೋಕೆ ಇರೋ ಮಾದರಿ ಅದೊಂದೇ. ಲಾಟ್ ನಂಬರ್ ಇಲ್ಲದ ದೂರನ್ನು ಯಾವ ಕಂಪನಿಯೂ ಮುಂದಕ್ಕೆ ತಗೊಳ್ಳಲ್ಲ. ಸಾಮಾನ್ಯವಾಗಿ ಅದು ಚೀಲದ ಮೇಲಂಚಿನ ಹೊಲಿಗೆ ಪಕ್ಕದಲ್ಲೋ ತಳದಲ್ಲೋ ಇರುತ್ತೆ. ಮೇಲಂಚಿನಲ್ಲಿದ್ದರೆ ಬಿಚ್ಚುವಾಗ ಕತ್ತರಿಸಿ ಕಸದ ಬುಟ್ಟಿಗೆ ಹೋಗೋದು ಮೊದಲು ಅದೇ, ಕತ್ತರಿ ಹಾಕೋ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.